ವೇದ ಸುಳ್ಳಾದರೂ ಗಾದೆ ಸುಳ್ಳಾಗದೇ?

"ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ದೇವಸ್ಥಾನದ ಸ್ಮರಣ ಸಂಚಿಕೆಯಲ್ಲಿ ವೇದವನ್ನು ಗಾದೆಯೊಡನೆ ತೂಗಿ ನೋಡುವ ಮಾತು ಬರಬಹುದೇ ಎಂದು ಯಾರಾದರೂ ಹುಬ್ಬೇರಿಸಬಹುದು. ಆದರೆ ಈ ಮಾತನ್ನು ಕಟ್ಟಿದವರು ವೇದವನ್ನು ಹಗುರ ಮಾಡಲು ಕಟ್ಟಿದ್ದಲ್ಲ. ವೇದವನ್ನು ಗುರುಮುಖದಿಂದ ಹತ್ತಾರು ವರ್ಷ ಕಲಿಯಬೇಕು. ಗಾದೆಯನ್ನು ಅಜ್ಜಿಯ ಮಡಿಲಲ್ಲಿ, ಗದ್ದೆಯ ಹುಣಿಯಲ್ಲಿ, ಅಂಗಡಿಯ ಜಗಲಿಯಲ್ಲಿ ಸಂಬಳ ಸಾರಿಗೆಯಿಲ್ಲದೆ ಕಲಿಯಬಹುದು. ವೇದಕ್ಕೆ ಅಧ್ಯಯನವೇ ಆಧಾರ, ಗಾದೆಗೆ ಅನುಭವವೇ ಆಧಾರ. ಅನುಭವಿಸಿದವನಿಗೆ ಅದು ಸುಳ್ಳೆನಿಸುವುದಿಲ್ಲ ಎಂಬಷ್ಟೇ ಇದರ ತಾತ್ಪರ್ಯ.

ನಾನು ಪಂಡಿತನಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ತಂದೆಯವರ ಜಿನಸಿನ ಅಂಗಡಿಯಲ್ಲಿ ಕುಳಿತವನು, ಈಗ ಶ್ರೀ ದೇವರ ಸೇವೆಯಲ್ಲಿ ಮೊಕ್ತೇಸರರಲ್ಲೊಬ್ಬ. ಆದರೆ ಅಂಗಡಿಯಲ್ಲಿ ಕುಳಿತವನಿಗೆ ಒಂದು ಲಾಭ ಉಂಟು. ಅವನ ಕೈ ತಕ್ಕಡಿಯಲ್ಲಿದ್ದರೂ ಕಿವಿ ಬಿಡುವಾಗಿಯೇ ಇರುತ್ತದೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಇವೆಲ್ಲ ಒಂದೇ ದಿನ ಕಿವಿಗೆ ಬೀಳುವ ಊರು ನಮ್ಮದು. ಆ ಎಲ್ಲ ಭಾಷೆಗಳಲ್ಲಿಯೂ ಜಗಳ ನಿಲ್ಲಿಸುವುದಕ್ಕೆ, ಸಾಲ ಕೇಳುವುದಕ್ಕೆ, ಸಾಲ ಇಲ್ಲವೆನ್ನುವುದಕ್ಕೆ ಜನರು ಬಳಸುವುದು ಗಾದೆಯನ್ನೇ. ಈ ಗಾದೆಗಳು ಎಲ್ಲಿಂದ ಬಂದವು, ಯಾರು ಉಳಿಸಿದರು, ನಾವು ಮುಂದಿನವರಿಗೆ ಯಾವುದನ್ನು ದಾಟಿಸಬೇಕು ಎಂಬ ವಿಚಾರವನ್ನು ತಿಳಿದ ಮಟ್ಟಿಗೆ ಭಕ್ತಬಾಂಧವರ ಮುಂದಿಡುತ್ತಿದ್ದೇನೆ.

ಮಾತಿನ ಮೂಲ

ಗಾದೆ ಎಂಬ ಶಬ್ದವು ಸಂಸ್ಕೃತದ 'ಗಾಥಾ' ಎಂಬುದರಿಂದ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ಗಾಥಾ ಎಂದರೆ ಹಾಡಿ ಹೇಳುವ ಪದ್ಯ. ಸಾತವಾಹನ ದೊರೆ ಹಾಲನ ಹೆಸರಿನಲ್ಲಿ ಪ್ರಾಕೃತ ಭಾಷೆಯ ಏಳುನೂರು ಗಾಥೆಗಳ ಒಂದು ಸಂಗ್ರಹವೇ ಇದೆ. ಅದರಲ್ಲಿ ಅರಮನೆಗಿಂತ ಹಳ್ಳಿಯ ಬದುಕೇ ಹೆಚ್ಚು. ಕನ್ನಡದಲ್ಲಿ ಗಾದೆಗೆ 'ನಾಣ್ಣುಡಿ' ಎಂಬ ಅಚ್ಚ ಹೆಸರೂ ಉಂಟು. ನಾಡಿನ ನುಡಿಯೇ ನಾಣ್ಣುಡಿ. ಒಬ್ಬನ ನುಡಿಯಲ್ಲ, ನಾಡಿಗೆ ನಾಡೇ ಒಪ್ಪಿದ ನುಡಿ ಎಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿದೆ.

ನಮ್ಮ ಹಳೆಯ ಕವಿಗಳಲ್ಲಿ ಗಾದೆಗಳನ್ನು ಕೈತುಂಬ ಬಳಸಿದವನೆಂದರೆ ಗದಗ ಸಮೀಪದ ಮುಳುಗುಂದದ ನಯಸೇನ. ಅವನ 'ಧರ್ಮಾಮೃತ' ಕ್ರಿ.ಶ. 1112ರ ಸುಮಾರಿನದು. ಜೈನಧರ್ಮದ ತತ್ತ್ವಗಳನ್ನು ಕತೆಗಳ ಮೂಲಕ ಹೇಳುವ ಆ ಗ್ರಂಥದಲ್ಲಿ ಜನರ ಬಾಯಿಮಾತಿನ ಗಾದೆಗಳೂ ಹೋಲಿಕೆಗಳೂ ಸಾಲುಸಾಲಾಗಿ ಬರುತ್ತವೆ. ಕನ್ನಡದೊಳಗೆ ಸಲ್ಲದ ಸಂಸ್ಕೃತವನ್ನು ತುರುಕುವ ಪಂಡಿತರನ್ನು ಕಂಡು, ತುಪ್ಪಕ್ಕೆ ಎಣ್ಣೆ ಬೆರೆಸುವುದು ತಕ್ಕುದೇ ಎಂಬ ಅರ್ಥದ ಮಾತನ್ನು ಅವನು ಹೇಳಿದ್ದಾನೆ. ಎಂಟುನೂರು ಒಂಬೈನೂರು ವರ್ಷಗಳ ಹಿಂದಿನ ಮಾತಾದರೂ ತುಪ್ಪ ಮಾರುವ ನನ್ನಂತಹವನಿಗೆ ಅದು ಕೂಡಲೇ ಅರ್ಥವಾಗುತ್ತದೆ. ಬೆರಕೆಯ ಅನುಭವ ಇರುವಲ್ಲಿಯವರೆಗೆ ಆ ಹೋಲಿಕೆ ಹಳತಾಗದು. ಒಳ್ಳೆಯ ಮಾತಿನ ಲಕ್ಷಣವೇ ಇದು.

ಪುಸ್ತಕದ ಬದನೆಕಾಯಿ

ಇಷ್ಟೆಲ್ಲ ಮಾತುಗಳನ್ನು ಬಾಯಲ್ಲಿ ಇಟ್ಟುಕೊಂಡ ನಮ್ಮ ಜನರು ಪುಸ್ತಕದ ಬಗ್ಗೆ ಏನು ಹೇಳಿದ್ದಾರೆ? "ಪುಸ್ತಕದ ಬದನೆಕಾಯಿ" ಎಂದು ಒಂದೇ ಮಾತಿನಲ್ಲಿ ತೀರಿಸಿಬಿಟ್ಟಿದ್ದಾರೆ. ಪುಸ್ತಕದಲ್ಲಿ ಬದನೆಕಾಯಿ ಎಂದು ಬರೆದದ್ದನ್ನು ಎಷ್ಟು ಸಲ ಓದಿದರೂ ಪಲ್ಯವಾಗುವುದಿಲ್ಲ. ಓದಿದ್ದು ಕೈಗೆ ಬರಬೇಕು ಎಂಬುದು ಇದರ ಭಾವ.

ಹಾಗಾದರೆ ನಮ್ಮ ಹಿರಿಯರಿಗೆ ಪುಸ್ತಕದ ಮೇಲೆ ಗೌರವ ಇರಲಿಲ್ಲವೇ? ತಾಳೆಗರಿಯ ಗ್ರಂಥಗಳನ್ನು ನೋಡಿದವರು ಹಾಗೆ ಹೇಳಲಾರರು. ಒಂದೊಂದು ಗರಿಯನ್ನು ಹದ ಮಾಡಿ, ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆದು, ಮಸಿ ತೀಡಿ, ತೂತಿನಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆ ಇಟ್ಟು ಕಟ್ಟುತ್ತಿದ್ದ ಕಾಲ ಅದು. ಗ್ರಂಥದ ಕೊನೆಯಲ್ಲಿ ಬರೆದವನು ಒಂದೆರಡು ಶ್ಲೋಕ ಸೇರಿಸುವ ಸಂಪ್ರದಾಯ ಭಾರತದ ಉದ್ದಗಲಕ್ಕೂ ಇತ್ತು. ಬೆನ್ನು ಸೊಂಟ ಕುತ್ತಿಗೆಗಳು ಮುರಿದುಹೋಗುವ ಹಾಗೆ, ತಲೆ ತಗ್ಗಿಸಿ, ಕಷ್ಟಪಟ್ಟು ಬರೆದಿದ್ದೇನೆ, ಮಗುವನ್ನು ಕಾಪಾಡುವಂತೆ ಕಾಪಾಡಿರಿ ಎಂಬುದು ಅವುಗಳಲ್ಲೊಂದರ ಭಾವ. ಇನ್ನೊಂದು ಶ್ಲೋಕದಲ್ಲಿ ಪುಸ್ತಕವೇ ಬಾಯಿಬಿಟ್ಟು ಬೇಡಿಕೊಳ್ಳುತ್ತದೆ. ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ದಮ್ಮಯ್ಯ ಮೂರ್ಖನ ಕೈಗೆ ಮಾತ್ರ ಕೊಡಬೇಡಿ ಎನ್ನುತ್ತದೆ! ಎರವಲು ಕೊಟ್ಟ ಪುಸ್ತಕ ತಿರುಗಿ ಬಾರದು, ಬಂದರೂ ಹರಿದೇ ಬರುವುದು ಎಂಬ ಅರ್ಥದ ಸುಭಾಷಿತವೂ ಪ್ರಸಿದ್ಧವಾದದ್ದೇ. ನಮ್ಮ ಊರಿನ ವಾಚನಾಲಯಗಳನ್ನು ನಡೆಸಿದವರು ಇದಕ್ಕೆ ಸಾಕ್ಷಿ ಹೇಳಿಯಾರು.

ಬೆನ್ನು ನೋಯಿಸಿಕೊಂಡು ಪುಸ್ತಕ ಬರೆದವರೂ, ಪುಸ್ತಕದ ಬದನೆಕಾಯಿ ಎಂದು ನಕ್ಕವರೂ ಒಂದೇ ನಾಡಿನವರು. ಓದಿನ ಮೇಲಿನ ಪ್ರೀತಿ, ಓದನ್ನೇ ನೆಚ್ಚಿ ಕುಳಿತವನ ಬಗ್ಗೆ ನಗು ಎರಡೂ ಇರಬೇಕೆಂಬುದೇ ಅವರ ವಿವೇಕ.

ಬಾಯಿಂದ ಅಚ್ಚಿಗೆ

ಬಾಯಲ್ಲಿದ್ದ ಗಾದೆ ಅಚ್ಚಿಗೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ನಮ್ಮ ಕಾಸರಗೋಡು ಆಗ ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಅಚ್ಚುಕೂಟ ಆರಂಭಿಸಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಅಲ್ಲಿಂದಲೇ ಹೊರಟಿತು. ಅವರು ಬಂದದ್ದು ತಮ್ಮ ಮತಪ್ರಚಾರಕ್ಕಾಗಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಜನರೊಡನೆ ಮಾತನಾಡಬೇಕಾದರೆ ಜನರ ನುಡಿ ಬೇಕು, ಜನರ ನುಡಿ ಬೇಕಾದರೆ ಗಾದೆ ಬೇಕು. ಆದುದರಿಂದ ಅವರು ಗಾದೆಗಳನ್ನು ಕೇಳಿ ಕೇಳಿ ಬರೆದುಕೊಂಡರು.

ತಲಶ್ಶೇರಿಯಲ್ಲಿದ್ದ ಹೆರ್ಮನ್ ಗುಂಡರ್ಟ್ ಸಾವಿರ ಮಲಯಾಳ ಗಾದೆಗಳ ಪುಸ್ತಕವನ್ನು 1850ರಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಂಡ್ ಕಿಟ್ಟೆಲ್ ಕನ್ನಡ ಶಬ್ದಗಳನ್ನು ಕೂಡಿಹಾಕುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಸವೆಸಿದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಶಬ್ದಗಳ ಆ ಬೃಹದ್ಗ್ರಂಥದಲ್ಲಿ ಒಂದು ವಿಶೇಷ ಉಂಟು. ಒಂದು ಶಬ್ದಕ್ಕೆ ಅರ್ಥ ಹೇಳಿದ ಮೇಲೆ, ಅದರ ಬಳಕೆಗೆ ಸಾಕ್ಷಿಯಾಗಿ ಹಳೆಯ ಕಾವ್ಯದ ಸಾಲುಗಳನ್ನು ಕೊಟ್ಟಂತೆಯೇ ಜನರ ಗಾದೆಗಳನ್ನೂ ಗಾದೆಯೆಂದು ಗುರುತು ಹಾಕಿ ಕೊಟ್ಟಿದ್ದಾರೆ. ಪಂಪನ ಪಕ್ಕದಲ್ಲಿ ಗದ್ದೆಯ ಕೆಲಸದವಳಿಗೂ ಜಾಗ ಸಿಕ್ಕಿತು. ಇದು ಸಣ್ಣ ಮರ್ಯಾದೆಯಲ್ಲ. ಮುಂದೆ ನಮ್ಮ ಕರಾವಳಿಯವರೇ ಆದ ಪ್ರೊ. ಎಂ. ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿ ಹಿಗ್ಗಿಸಿದರು. ಮದ್ರಾಸು ವಿಶ್ವವಿದ್ಯಾನಿಲಯವು ಅದನ್ನು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ತುಳುವಿಗೂ ಈ ಭಾಗ್ಯ ಬಂತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರ ಅವಧಿಯಲ್ಲಿ ಹೊರಬಂದವು. ಗೋವಿಂದ ಪೈಗಳು ನಮ್ಮ ಮಂಜೇಶ್ವರದವರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗಡಿಯಾಚೆಗೂ ಕತೆ ಇದೇ. ತೆಲುಗಿನ ವೇಮನನ ಪದ್ಯಗಳು ಹಳ್ಳಿಯವರ ಬಾಯಲ್ಲಿದ್ದವು. ಅವನ್ನು ಹುಡುಕಿ ಇಂಗ್ಲಿಷಿಗೆ ತಿರುಗಿಸಿ 1829ರಲ್ಲಿ ಮದ್ರಾಸಿನಲ್ಲಿ ಅಚ್ಚು ಹಾಕಿಸಿದವರು ಸಿ. ಪಿ. ಬ್ರೌನ್ ಎಂಬ ಇಂಗ್ಲಿಷ್ ಅಧಿಕಾರಿ. ನಮ್ಮ ಸರ್ವಜ್ಞನ ತ್ರಿಪದಿಗಳಾದರೋ ಊರೂರಿನ ಮುದುಕರ ನಾಲಗೆಯಲ್ಲಿ, ಹರಿದ ಕೈಬರಹಗಳಲ್ಲಿ ಚದುರಿಹೋಗಿದ್ದವು. ಅವನ್ನು ವರ್ಷಗಟ್ಟಲೆ ತಿರುಗಿ ಒಟ್ಟುಗೂಡಿಸಿ 1924ರಲ್ಲಿ ಪ್ರಕಟಿಸಿದವರು ಉತ್ತಂಗಿ ಚನ್ನಪ್ಪನವರು. ಅವರು ಕ್ರೈಸ್ತ ಪಾದ್ರಿಗಳು. ಕನ್ನಡಿಗರು ಅವರನ್ನು 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿ ಗೌರವಿಸಿದರು. 2009ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ವಿಗ್ರಹವೂ ಚೆನ್ನೈಯಲ್ಲಿ ಸರ್ವಜ್ಞನ ವಿಗ್ರಹವೂ ಅನಾವರಣಗೊಂಡವು. ಕಾವೇರಿ ನೀರಿಗಾಗಿ ಜಗಳವಾಡಿದ ಎರಡು ರಾಜ್ಯಗಳು ಒಳ್ಳೆಯ ಮಾತು ಹೇಳಿದ ಇಬ್ಬರನ್ನು ಅದಲುಬದಲು ಮಾಡಿಕೊಂಡದ್ದು ನೆನಪಿಡಬೇಕಾದ ಸಂಗತಿ.

ಇಲ್ಲಿ ಒಂದು ವಿಷಯವನ್ನು ನಾವು ಗಮನಿಸಬೇಕು. ಪುಸ್ತಕದ ಮೇಲೆ ಸಂಗ್ರಹಿಸಿದವರ ಹೆಸರು ಉಳಿಯಿತು. ಗಾದೆ ಹೇಳಿದವರ ಹೆಸರು ಉಳಿಯಲಿಲ್ಲ. ಸಂತೆಯಲ್ಲಿ, ದೋಣಿಯಲ್ಲಿ, ಜಗಲಿಯಲ್ಲಿ ಗಾದೆ ಹೇಳಿಕೊಟ್ಟವರು ಯಾರೋ ನಮಗೆ ತಿಳಿಯದು. ದೇವಸ್ಥಾನದ ಪಂಚಾಂಗಕ್ಕೆ ಕಲ್ಲು ಹೊತ್ತವರ ಹಾಗೆ ಅವರು ಕೊಟ್ಟು ಹೋದರು, ಹೆಸರು ಕೆತ್ತಿಸಲಿಲ್ಲ.

ಒಂದೇ ಉಪ್ಪು, ಒಂದೇ ನೀರು

ರಾಜ್ಯ ಪುನರ್ವಿಂಗಡಣೆಯಾಗಿ 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ನಕ್ಷೆಯಲ್ಲಿ ಗೆರೆಗಳು ಬದಲಾದವು. ಗಾದೆಗಳಿಗೆ ಆ ಗೆರೆಗಳ ಗೊಡವೆಯೇ ಇಲ್ಲ.

ಕನ್ನಡದಲ್ಲಿ "ಉಪ್ಪು ತಿಂದವನು ನೀರು ಕುಡಿಯಲೇಬೇಕು" ಎನ್ನುತ್ತೇವೆ. ಮಲಯಾಳದಲ್ಲಿ "ಉಪ್ಪು ತಿನ್ನವನ್ ವೆಳ್ಳಂ ಕುಡಿಕ್ಕುಂ" ಎನ್ನುತ್ತಾರೆ. ತುಳುವರಲ್ಲಿಯೂ ಇದೇ ಮಾತು ಉಂಟು. ಕರಾವಳಿಯ ಉಪ್ಪೊಂದೇ, ಬಾಯಾರಿಕೆಯೊಂದೇ, ಕರ್ಮಫಲದ ತಿಳುವಳಿಕೆಯೂ ಒಂದೇ.

ಮತ್ತೆ ಕೆಲವು ಗಾದೆಗಳಲ್ಲಿ ಭಾವ ಒಂದೇ, ಬಟ್ಟೆ ಬೇರೆ. ನಾವು "ಹಿತ್ತಲ ಗಿಡ ಮದ್ದಲ್ಲ" ಎನ್ನುತ್ತೇವೆ. ಮಲಯಾಳದವರು "ಮುಟ್ಟತ್ತೆ ಮುಲ್ಲಯ್ಕ್ ಮಣಮಿಲ್ಲ" ಎನ್ನುತ್ತಾರೆ. ಅಂಗಳದ ಮಲ್ಲಿಗೆಗೆ ಪರಿಮಳವಿಲ್ಲ ಎಂದು ಅರ್ಥ. ಹತ್ತಿರದ್ದರ ಬೆಲೆ ತಿಳಿಯದ ಮನುಷ್ಯ ಸ್ವಭಾವ ಎರಡರಲ್ಲಿಯೂ ಇದೆ. ನಮಗೆ ಹಿತ್ತಲಿನ ಮದ್ದು ಕಂಡಿತು, ಅವರಿಗೆ ಅಂಗಳದ ಹೂವು ಕಂಡಿತು, ಅಷ್ಟೇ ವ್ಯತ್ಯಾಸ.

ಜೀರ್ಣೋದ್ಧಾರಕ್ಕೆ ಹಣ ಕೊಡುವವರು "ನಮ್ಮದೊಂದು ಅಳಿಲ ಸೇವೆ" ಎಂದು ಕೈಮುಗಿಯುವುದುಂಟು. ಮಲಯಾಳ ಮಾತೃಭಾಷೆಯ ಭಕ್ತರು "ಅಣ್ಣಾರಕ್ಕಣ್ಣನುಂ ತನ್ನಾಲಾಯತ್" ಎನ್ನುತ್ತಾರೆ. ಅಳಿಲೂ ತನ್ನಿಂದಾದಷ್ಟು ಮಾಡಿತು ಎಂದರ್ಥ. ರಾಮಸೇತುವಿಗೆ ಅಳಿಲು ಮರಳು ತಂದ ಕತೆ ವಾಲ್ಮೀಕಿ ರಾಮಾಯಣದಲ್ಲಿ ಇಲ್ಲ. ಅದು ಜನರು ಸೇರಿಸಿದ್ದು. ಆದಿಕವಿಯ ಸೇತುವೆಯನ್ನು ದೊಡ್ಡ ದೊಡ್ಡ ವಾನರರು ಕಟ್ಟಿದರು. ಬಡವರು ತಮ್ಮ ಪಾಲಿಗೆಂದು ಅಲ್ಲಿ ಒಂದು ಅಳಿಲನ್ನು ಬಿಟ್ಟರು. ಇದರಲ್ಲಿರುವ ಭಕ್ತಿಯನ್ನು ಅರಿತವನು ಹತ್ತು ರೂಪಾಯಿಯ ರಶೀದಿಯನ್ನು ಬರೆಯುವಾಗ ಮುಖ ಸಣ್ಣದು ಮಾಡಲಾರ.

ಹೋದ ತೂಕ, ಉಳಿದ ಮಾತು

ವ್ಯಾಪಾರಿಯಾದ ನನಗೆ ಗಾದೆಗಳಲ್ಲಿ ಹೆಚ್ಚು ಸೋಜಿಗವೆನಿಸುವುದು ಅಳತೆ ತೂಕದವು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ರೂಪಾಯಿಗೆ ಹದಿನಾರು ಆಣೆ ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು. ತೂಕದ ಬಗ್ಗೆ 1956ರಲ್ಲಿ ಕಾಯಿದೆಯಾಗಿ, 1958ರಿಂದ ಹಂತಹಂತವಾಗಿ ಕಿಲೋಗ್ರಾಂ ಬಂದು, 1962ರ ಹೊತ್ತಿಗೆ ಸೇರು ಮಣಗಳು ಕಾನೂನಿನ ಪ್ರಕಾರ ಅಂಗಡಿಯಿಂದ ಹೊರಟವು. ತಂದೆಯವರ ಕಾಲದ ಹಳೆಯ ತೂಕದ ಕಲ್ಲುಗಳು ಗುಜರಿಗೆ ಹೋದವು.

ಆದರೆ "ಸೇರಿಗೆ ಸವಾಸೇರು" ಎಂಬ ಮಾತು ಹೋಯಿತೇ? ಇಲ್ಲ. ಸೇರು ಎಂದರೆ ಎಷ್ಟು, ಸವಾ ಎಂದರೆ ಒಂದೂಕಾಲು ಎಂದು ತಿಳಿಯದ ಹುಡುಗನೂ ಎದುರಾಳಿಗೆ ಮೀರಿದವನನ್ನು ಕಂಡರೆ ಹಾಗೆಯೇ ಹೇಳುತ್ತಾನೆ. ಆಣೆ ಹೋಗಿ ಅರುವತ್ತು ವರ್ಷಗಳ ಮೇಲಾಯಿತು, "ಹದಿನಾರಾಣೆ ಸತ್ಯ" ಇನ್ನೂ ಚಲಾವಣೆಯಲ್ಲಿದೆ. "ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ" ಎನ್ನುವಾಗ ಬಳ್ಳ ಎಂಬುದು ಧಾನ್ಯ ಅಳೆಯುವ ಮಾನವೆಂದು ಎಷ್ಟು ಮಂದಿಗೆ ಗೊತ್ತು? "ಕಾಸಿಗೆ ತಕ್ಕ ಕಜ್ಜಾಯ" ಎಂಬುದರ ಕಾಸೂ ಈಗ ನಾಣ್ಯವಾಗಿ ಇಲ್ಲ. ಸರಕಾರದ ಟಂಕಸಾಲೆ ಹಿಂದಕ್ಕೆ ಪಡೆದ ನಾಣ್ಯವನ್ನು ಜನರ ನಾಲಗೆ ಹಿಂದಕ್ಕೆ ಕೊಡಲಿಲ್ಲ.

ಅಡಿಕೆ ಬೆಳೆಯುವ ನಮ್ಮ ಸೀಮೆಗೆ ಹೇಳಿ ಮಾಡಿಸಿದ ಗಾದೆ "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂಬುದು. ಸಾಲ ಕೊಟ್ಟು ಸಾಲವನ್ನೂ ಸ್ನೇಹವನ್ನೂ ಕಳಕೊಂಡವರಿಗೆ "ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬುದು ಇದೆ. ಇದು ಎಲ್ಲ ವ್ಯಾಪಾರಿಗಳ ಆತ್ಮಕಥೆ. "ಇಂದು ನಗದು, ನಾಳೆ ಸಾಲ" ಎಂಬ ಬೋರ್ಡು ಅಂಗಡಿಗಳಲ್ಲಿ ತೂಗುವುದು ಈ ಗಾದೆಯ ಭಯದಿಂದಲೇ. ಆದರೂ ಬೋರ್ಡಿನ ಕೆಳಗೇ ಸಾಲ ಕೊಡುವುದು ತಪ್ಪುವುದಿಲ್ಲ. ಮಳೆಗಾಲದಲ್ಲಿ ಕೆಲಸವಿಲ್ಲದ ಮನೆಯವರು ಅಕ್ಕಿಗೆ ಬಂದರೆ ಬೋರ್ಡು ತೋರಿಸಲು ಕೈ ಏಳುವುದಿಲ್ಲ.

ಎರಡು ಗಾದೆ ಜಗಳವಾಡಿದರೆ

ಗಾದೆಗಳಲ್ಲಿ ಒಂದಕ್ಕೊಂದು ವಿರುದ್ಧವಾದವು ಎಷ್ಟೋ ಇವೆ. "ಕೈ ಕೆಸರಾದರೆ ಬಾಯಿ ಮೊಸರು" ಎಂದು ದುಡಿಮೆಗೆ ಹಚ್ಚುವವರೇ "ಪಾಲಿಗೆ ಬಂದದ್ದು ಪಂಚಾಮೃತ" ಎಂದು ತೃಪ್ತಿಯನ್ನು ಹೇಳುತ್ತಾರೆ. "ಮಾತು ಬೆಳ್ಳಿ, ಮೌನ ಬಂಗಾರ" ಎಂಬುದುಂಟು, ಜರ್ಮನ್ ಭಾಷೆಯಲ್ಲಿಯೂ ಇದೇ ಗಾದೆ ಉಂಟಂತೆ. ಅದಕ್ಕೆ ಎದುರಾಗಿ ಮಲಯಾಳದವರು "ಕರಯುನ್ನ ಕುಞ್ಞಿನೇ ಪಾಲುಳ್ಳೂ" ಎನ್ನುತ್ತಾರೆ. ಅಳುವ ಮಗುವಿಗೇ ಹಾಲು ಸಿಗುವುದು ಎಂದರ್ಥ. ಹಾಗಾದರೆ ಸುಮ್ಮನಿರಬೇಕೋ ಬಾಯಿ ಬಿಡಬೇಕೋ?

ಇದಕ್ಕೆ ಉತ್ತರ ಪುಸ್ತಕದಲ್ಲಿಲ್ಲ, ಸಂದರ್ಭದಲ್ಲಿದೆ. ಗಾದೆ ಕಾನೂನಿನ ಕಲಮು ಅಲ್ಲ, ವೈದ್ಯರ ಮದ್ದಿನ ಹಾಗೆ. ಜ್ವರದ ಮದ್ದು ಹೊಟ್ಟೆನೋವಿಗೆ ಕೊಟ್ಟರೆ ಮದ್ದಿನ ತಪ್ಪಲ್ಲ. ಮನೆಯೊಳಗಿನ ಜಗಳದಲ್ಲಿ ಮೌನ ಬಂಗಾರ. ಪಂಚಾಯತು ಕಚೇರಿಯ ಮುಂದೆ ನೀರಿನ ಪೈಪಿಗಾಗಿ ನಿಂತಾಗ ಅಳುವ ಮಗುವಾಗಲೇಬೇಕು. ಎರಡು ಗಾದೆಗಳಲ್ಲಿ ಈಗ ಯಾವುದು ಸಲ್ಲುತ್ತದೆ ಎಂದು ಆರಿಸುವುದೇ ಬುದ್ಧಿ. ಆ ಆಯ್ಕೆಯನ್ನು ಯಾವ ಗಾದೆಯೂ ನಮಗಾಗಿ ಮಾಡಿಕೊಡುವುದಿಲ್ಲ.

ಈ ಆಯ್ಕೆಯ ವಿದ್ಯೆಯನ್ನು ನಮ್ಮ ಜನರು ಕಲಿತ ಶಾಲೆಯೆಂದರೆ ತಾಳಮದ್ದಳೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಇದು ಹೊಸತಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಕೂಡಲೇ ಅರ್ಥಧಾರಿ ಮಾತನ್ನು ಆ ಕ್ಷಣದಲ್ಲೇ ಕಟ್ಟಬೇಕು. ರಾಮ ಒಂದು ನ್ಯಾಯ ಹೇಳಿದರೆ ವಾಲಿ ಇನ್ನೊಂದನ್ನು ಎತ್ತಿ ಹಿಡಿಯಬೇಕು. ನಮ್ಮ ನಾಡಿನವರೇ ಆದ ದಿವಂಗತ ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ವಾಲಿ, ರಾವಣ ಮೊದಲಾದ ಪಾತ್ರಗಳಿಗೆ ಕೊಟ್ಟ ಮಾತಿನ ಮೆರುಗನ್ನು ಕೇಳಿದ ಹಿರಿಯರು ಇಂದಿಗೂ ಕೊಂಡಾಡುತ್ತಾರೆ. ಸೋಲಬೇಕಾದ ಪಾತ್ರಕ್ಕೂ ಅದರದೇ ನ್ಯಾಯ ಉಂಟೆಂದು ದೇವಸ್ಥಾನದ ಅಂಗಳದಲ್ಲಿ ಕುಳಿತು ರಾತ್ರಿಯಿಡೀ ಕೇಳಿದ ಜನರು ನಾವು. ಎರಡು ಗಾದೆಗಳ ಜಗಳಕ್ಕೆ ಹೆದರಬೇಕಾಗಿಲ್ಲ.

ನಮ್ಮ ಮೇಲಿನ ಗಾದೆ

ದೇವಸ್ಥಾನವನ್ನೂ ಗಾದೆ ಬಿಟ್ಟಿಲ್ಲ. "ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ" ಎಂಬುದು ಎಲ್ಲರ ಬಾಯಲ್ಲಿಯೂ ಇದೆ. ಪಾಪ, ಪೂಜಾರಿಯವರನ್ನು ಮಾತ್ರ ಇದಕ್ಕೆ ಗುರಿ ಮಾಡುವುದು ನ್ಯಾಯವಲ್ಲ. ಈಗಿನ ಕಾಲದಲ್ಲಿ ದೇವರಿಗೂ ಭಕ್ತನಿಗೂ ನಡುವೆ ಮೊಕ್ತೇಸರರು, ಸಮಿತಿಯವರು, ಕೌಂಟರಿನಲ್ಲಿ ಕುಳಿತವರು, ವಾಹನ ನಿಲ್ಲಿಸುವಲ್ಲಿ ಸೀಟಿ ಊದುವವರು ಎಲ್ಲರೂ ಇದ್ದೇವೆ. ಉತ್ಸವದ ದಿನ ದೂರದಿಂದ ನಡೆದು ಬಂದ ವೃದ್ಧೆಗೆ "ಈ ಕಡೆಯಿಂದ ಬಿಡುವುದಿಲ್ಲ" ಎಂದು ಗದರುವವನು ಯಾರೇ ಆದರೂ ಈ ಗಾದೆ ಅವನಿಗೇ ಸೇರಿದ್ದು. ಊರಿನ ಜನ ಎದುರೆದುರು ಹೇಳಲಾರದ್ದನ್ನು ಗಾದೆಯ ಮರೆಯಲ್ಲಿ ಹೇಳುತ್ತಾರೆ. ಅಧಿಕಾರದಲ್ಲಿ ಕುಳಿತವನಿಗೆ ಗಾದೆಯಷ್ಟು ಅಗ್ಗದ ಎಚ್ಚರಿಕೆ ಬೇರೆಲ್ಲೂ ಸಿಗಲಾರದು.

ದಾಟಿಸಬೇಕಾದದ್ದು, ಬಿಡಬೇಕಾದದ್ದು

ಗಾದೆ ಎಂದೂ ಸುಳ್ಳಾಗದೇ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಹಳೆಯ ಸಂಗ್ರಹಗಳನ್ನು ತಿರುವಿ ಹಾಕಿದರೆ, ಹೆಂಗಸರ ಬುದ್ಧಿಯನ್ನು ಹೀಗಳೆಯುವ ಗಾದೆಗಳು ಸಿಗುತ್ತವೆ. ಒಂದೊಂದು ಜಾತಿಯ ಹೆಸರು ಹಿಡಿದು ಹಂಗಿಸುವವು, ಕುರುಡರನ್ನೂ ಕುಂಟರನ್ನೂ ನೋಡಿ ನಗುವವು ಕೂಡ ಧಾರಾಳವಾಗಿ ಇವೆ. ಅವನ್ನು ಇಲ್ಲಿ ಬರೆದು ಪುಟ ಮೈಲಿಗೆ ಮಾಡುವುದಿಲ್ಲ. ಅವೂ ಗಾದೆಗಳೇ, ಅವನ್ನೂ ಒಂದು ಕಾಲದಲ್ಲಿ ನಾಡು ಒಪ್ಪಿತ್ತು. ಆದರೆ ಅವು ಸತ್ಯವೇ?

ಹೆಂಗಸರಿಗೆ ಲೆಕ್ಕಾಚಾರ ತಿಳಿಯದು ಎಂಬ ಧಾಟಿಯ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಕೇರಳದಲ್ಲಿ ಕುಟುಂಬಶ್ರೀ ಯೋಜನೆ 1998ರಲ್ಲಿ ಆರಂಭವಾಯಿತು. ಅಕ್ಕಪಕ್ಕದ ಮನೆಗಳ ಮಹಿಳೆಯರು ಸಣ್ಣ ಗುಂಪು ಕಟ್ಟಿ ವಾರ ವಾರ ಉಳಿತಾಯ ಮಾಡಿ, ತಮ್ಮೊಳಗೆ ಸಾಲ ಕೊಟ್ಟು, ಪುಸ್ತಕ ಬರೆದು, ಬ್ಯಾಂಕಿಗೆ ತಾವೇ ಹೋಗಿ ಬರುತ್ತಾರೆ. ನಲುವತ್ತು ವರ್ಷ ಲೆಕ್ಕದ ಪುಸ್ತಕ ಬರೆದ ನನಗೂ ಅವರ ಲೆಕ್ಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಹುಡುಕುವುದು ಕಷ್ಟ. ಆ ಹಳೆಯ ಗಾದೆಯನ್ನು ಸುಳ್ಳು ಮಾಡಿದ್ದು ಇನ್ನೊಂದು ಗಾದೆಯಲ್ಲ, ಅನುಭವ. ಅನುಭವದಿಂದ ಹುಟ್ಟಿದ್ದು ಅನುಭವಕ್ಕೆ ತಲೆಬಾಗಲೇಬೇಕು. ಹಳತೆಂಬ ಕಾರಣಕ್ಕೆ ಹಳಸಿದ ಅನ್ನವನ್ನು ನೈವೇದ್ಯಕ್ಕಿಡುವವರು ಯಾರೂ ಇಲ್ಲ. ಮಕ್ಕಳಿಗೆ ಕಲಿಸುವ ಗಾದೆಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು.

ಇನ್ನೊಂದು ಹೊಸ ತೊಂದರೆ ಬಂದಿದೆ. ಬೆಳಗಾದರೆ ಮೊಬೈಲಿನಲ್ಲಿ ಹೂವಿನ ಚಿತ್ರದೊಡನೆ ಬುದ್ಧಿಮಾತುಗಳು ಬರುತ್ತವೆ. ಒಂದೇ ಮಾತು ಸೋಮವಾರ ಬುದ್ಧನ ಹೆಸರಿನಲ್ಲಿ, ಬುಧವಾರ ವಿವೇಕಾನಂದರ ಹೆಸರಿನಲ್ಲಿ, ಶುಕ್ರವಾರ ಅಬ್ದುಲ್ ಕಲಾಂ ಅವರ ಹೆಸರಿನಲ್ಲಿ ಬಂದದ್ದನ್ನು ನೀವೂ ಕಂಡಿರಬಹುದು. ದೊಡ್ಡವರ ಹೆಸರು ಅಂಟಿಸಿದರೆ ಮಾತು ದೊಡ್ಡದಾಗುತ್ತದೆ ಎಂಬ ಭ್ರಮೆ ಇದು. ನಮ್ಮ ಗಾದೆಗೆ ಯಾರ ಹೆಸರೂ ಇರಲಿಲ್ಲ. ಹೆಸರಿನ ಬಲದಿಂದಲ್ಲ, ಹುರುಳಿನ ಬಲದಿಂದಲೇ ಅದು ನೂರಾರು ವರ್ಷ ನಡೆದು ಬಂತು. ಯಾವ ಮಾತಾದರೂ ಕೆಳಗಿನ ಹೆಸರನ್ನು ಬೆರಳಿಂದ ಮುಚ್ಚಿ ಓದಬೇಕು. ಆಗಲೂ ನಿಂತರೆ ಅದು ಮಾತು.

ನಮ್ಮ ಶಾಲೆಗಳಲ್ಲಿ 'ಗಾದೆಯನ್ನು ವಿಸ್ತರಿಸಿ ಬರೆಯಿರಿ' ಎಂಬ ಪ್ರಶ್ನೆ ಇರುತ್ತಿತ್ತು. ಅಂಕಕ್ಕಾಗಿ ಬಾಯಿಪಾಠ ಮಾಡಿದರೂ ನಾಲ್ಕು ಗಾದೆ ತಲೆಯಲ್ಲಿ ಉಳಿಯುತ್ತಿತ್ತು. ಇಂದು ಮಕ್ಕಳಲ್ಲಿ ಬಹಳ ಮಂದಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಮನೆಯಲ್ಲಿ ಕನ್ನಡವೋ ತುಳುವೋ ಮಾತನಾಡುತ್ತಾರೆ, ಆದರೆ ಆ ಮಾತು ಊಟ, ಬಟ್ಟೆ, ಬಸ್ಸಿನ ಹೊತ್ತು ಇಷ್ಟಕ್ಕೇ ಮುಗಿಯುತ್ತದೆ. ಇದಕ್ಕಾಗಿ ಮಕ್ಕಳನ್ನು ದೂರಿ ಫಲವಿಲ್ಲ. ಗಾದೆ ಪಾಠದಿಂದ ಬರುವುದಲ್ಲ, ಅಜ್ಜ ಅಜ್ಜಿಯರು ತಕ್ಕ ಸಮಯದಲ್ಲಿ ಆಡಿದಾಗ ಕಿವಿಗೆ ಬೀಳುವುದು. ನಾವು ಆಡದಿದ್ದರೆ ಅವರು ಕೇಳುವುದಾದರೂ ಹೇಗೆ?

ಗುಂಡರ್ಟರ ಗ್ರಂಥಗಳು 2018ರಿಂದ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದ ಮೂಲಕ ಕಂಪ್ಯೂಟರಿನಲ್ಲಿ ಎಲ್ಲರಿಗೂ ಓದಲು ಸಿಗುತ್ತಿವೆ. ಕಿಟ್ಟೆಲ್ ನಿಘಂಟೂ ಹಾಗೆಯೇ ಸಿಗುತ್ತದೆ. ಆದುದರಿಂದ ಗಾದೆಗಳು ನಾಶವಾದಾವು ಎಂಬ ಭಯವಿಲ್ಲ. ಆದರೆ ಪುಸ್ತಕದಲ್ಲಿ ಮಾತು ಉಂಟು, ಅರ್ಥವೂ ಉಂಟು. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದು ಮಾತ್ರ ಇಲ್ಲ. ಆ ಸಂದರ್ಭ ಇಲ್ಲದ ಗಾದೆ ಪುಸ್ತಕದ ಬದನೆಕಾಯಿಯೇ.

ಆದುದರಿಂದ ಭಕ್ತಬಾಂಧವರಲ್ಲಿ ಒಂದು ವಿನಂತಿ. ಈ ಉತ್ಸವದ ದಿನಗಳಲ್ಲಿ ದೇವಸ್ಥಾನದ ಕಾರ್ಯಾಲಯದಲ್ಲಿ ಒಂದು ದಪ್ಪ ಪುಸ್ತಕವನ್ನು ಇಡಬೇಕೆಂದು ಸಮಿತಿಯಲ್ಲಿ ಕೇಳಿಕೊಂಡಿದ್ದೇನೆ. ಹಿರಿಯರು ತಮ್ಮ ಮನೆಯಲ್ಲಿ ಕೇಳಿದ ಒಂದೊಂದು ಗಾದೆಯನ್ನು ಅದರಲ್ಲಿ ಬರೆಯಲಿ. ಕನ್ನಡ, ತುಳು, ಮಲಯಾಳ, ಕೊಂಕಣಿ ಯಾವ ಭಾಷೆಯಾದರೂ ಆದೀತು. ಬರೆಯಲು ಆಗದವರ ಮಾತನ್ನು ಮೊಮ್ಮಕ್ಕಳು ಕೇಳಿ ಬರೆದುಕೊಳ್ಳಲಿ. ಗಾದೆಯ ಜೊತೆಗೆ ಯಾರು ಹೇಳಿದ್ದು, ಏನಾದಾಗ ಹೇಳಿದ್ದು ಎಂಬ ಎರಡು ಸಾಲು ತಪ್ಪದೆ ಇರಲಿ. ಅಜ್ಜನನ್ನು ಕೇಳಿ ಬರೆದ ಮಗುವಿಗೆ ಆ ಗಾದೆ ಬೇರೆ ಪಾಠವಿಲ್ಲದೆ ಬಂದಿರುತ್ತದೆ. ನೂರೈವತ್ತು ವರ್ಷಗಳ ಹಿಂದೆ ದೂರದೇಶದಿಂದ ಬಂದವರು ನಮ್ಮ ಜಗಲಿಯಲ್ಲಿ ಕುಳಿತು ಕೇಳಿ ಬರೆದುಕೊಂಡರು. ನಮ್ಮದೇ ಜಗಲಿಯಲ್ಲಿ ಕುಳಿತು ಕೇಳಲು ನಮಗೆ ಹಡಗು ಹತ್ತಬೇಕಾಗಿಲ್ಲ.

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂದು ಹಿರಿಯರು ಎಚ್ಚರಿಸಿದ್ದಾರೆ. ಆಡದೆಯೂ ಮಾತು ಹೋಗುತ್ತದೆ ಎಂಬುದನ್ನು ನಮ್ಮ ಕಾಲ ಅದಕ್ಕೆ ಸೇರಿಸಬೇಕಾಗಿದೆ. ಒಳ್ಳೆಯ ಮಾತು ನಮ್ಮ ಮನೆಗಳಲ್ಲಿ ಉಳಿಯಲಿ, ಆಡುವ ನಾಲಗೆಗೂ ಕೇಳುವ ಕಿವಿಗೂ ಶ್ರೀ ದೇವರು ಸದ್ಬುದ್ಧಿಯನ್ನು ಕರುಣಿಸಲಿ ಎಂದು ಪ್ರಾರ್ಥಿಸುತ್ತೇನೆ.